ಸಿಮ್ಯುಲೇಷನ್ ತೋರಿಸಿದ ಮೇಲೂ ಮೊದಲ ಬಲ್ಬೇ ಕರೆಂಟ್ ತಿನ್ನುತ್ತಿದೆ, ಏನು ಮಾಡಲಿ?

ಶಿರಾ ವಿಜ್ಞಾನ ಶಿಕ್ಷಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕನ್ನಡ ಮಾಧ್ಯಮ. ಹತ್ತನೇ ತರಗತಿಗೆ ಈಗ ವಿದ್ಯುಚ್ಛಕ್ತಿಯ ಪಾಠ ನಡೆಯುತ್ತಿದೆ. ನಮ್ಮ ಪ್ರಯೋಗಾಲಯ ಎಂದರೆ ಸ್ಟಾಫ್ ರೂಮಿನ ಮೂಲೆಯ ಒಂದು ಕಬ್ಬಿಣದ ಬೀರು. ಅದರಲ್ಲಿ ಮುಳ್ಳು ಅಲುಗಾಡದ ಎರಡು ಅಮ್ಮೀಟರ್, ಧೂಳು ಹಿಡಿದ ಒಂದು ರಿಯೋಸ್ಟ್ಯಾಟ್, ಯಾವ ಕಾಲದ್ದೋ ಲೆಕ್ಲಾಂಶೆ ಕೋಶದ ಗಾಜಿನ ಜಾಡಿ. ಪುಣ್ಯಕ್ಕೆ ಒಂದು ಪ್ರೊಜೆಕ್ಟರ್ ಮತ್ತು ಲ್ಯಾಪ್‌ಟಾಪ್ ಇದೆ.

ಹಾಗಾಗಿ ಫೆಟ್ ಎಂಬ ಉಚಿತ ಜಾಲತಾಣದ ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್’ ಸಿಮ್ಯುಲೇಷನ್ನನ್ನು, ಅಂದರೆ ಕಂಪ್ಯೂಟರಿನಲ್ಲೇ ವಿದ್ಯುತ್ ಮಂಡಲ (ಸರ್ಕ್ಯೂಟ್) ಕಟ್ಟಿ ನೋಡುವ ಪ್ರಯೋಗವನ್ನು, ಗೋಡೆಯ ಮೇಲೆ ಬಿಟ್ಟು ಇಡೀ ಪೀರಿಯಡ್ ತೋರಿಸಿದೆ. ಬ್ಯಾಟರಿ, ಬಲ್ಬ್, ಸ್ವಿಚ್ ಎಳೆದು ತಂದು ಒಂದರ ಹಿಂದೊಂದು ಇಟ್ಟು ಸರಣಿ ಜೋಡಣೆ ಮಾಡಿದೆ, ಪ್ರತಿಯೊಂದಕ್ಕೂ ಬೇರೆ ದಾರಿ ಕೊಟ್ಟು ಸಮಾಂತರ ಜೋಡಣೆ ಮಾಡಿದೆ. ಬ್ಯಾಟರಿಯ ಎರಡು ತುದಿಗಳಿಗೆ ನೇರವಾಗಿ ತಂತಿ ಹಚ್ಚಿದಾಗ ಪರದೆಯ ಮೇಲೆ ಬೆಂಕಿ ಎದ್ದಿತು, ಅದರ ಜೊತೆಗೆ ತರಗತಿಯೂ ಎದ್ದು ನಿಂತಿತು. ನಾಣ್ಯ, ಪೆನ್ಸಿಲ್, ಕೊನೆಗೆ ಅದರಲ್ಲಿರುವ ನಾಯಿಯನ್ನೂ ಮಂಡಲಕ್ಕೆ ಸೇರಿಸಿ ಎಂದು ಹಟ ಹಿಡಿದರು. ಈ ಪಾಠಕ್ಕೆ ಇಷ್ಟು ಉತ್ಸಾಹವನ್ನು ನಾನು ಎಂದೂ ಕಂಡಿರಲಿಲ್ಲ.

ಮರುದಿನ ಒಂದು ಸಣ್ಣ ಪ್ರಶ್ನೆ ಕೊಟ್ಟೆ. ಒಂದೇ ರೀತಿಯ ಎರಡು ಬಲ್ಬುಗಳು ಸರಣಿಯಲ್ಲಿವೆ, ಯಾವುದು ಹೆಚ್ಚು ಪ್ರಕಾಶಮಾನ, ಏಕೆ? ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲನೆಯದು ಎಂದು ಬರೆದಿದ್ದಾರೆ. ‘ಮೊದಲ ಬಲ್ಬು ತನಗೆ ಬೇಕಾದಷ್ಟು ಕರೆಂಟ್ ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸುತ್ತದೆ’ ಎಂದು ಒಬ್ಬಳು ದುಂಡಗಿನ ಅಕ್ಷರದಲ್ಲಿ ಬರೆದಿದ್ದಾಳೆ. ಹಿಂದಿನ ದಿನ ಅವಳ ಕಣ್ಣೆದುರೇ ಆ ಎರಡೂ ಬಲ್ಬುಗಳು ಸಮನಾಗಿ ಉರಿದಿದ್ದವು!

ಇನ್ನೊಬ್ಬ ಹುಡುಗ ಬೇರೆಯದೇ ತಕರಾರು ತೆಗೆದ: ‘ಸಾರ್, ಪುಸ್ತಕದಲ್ಲಿ ಬಾಣ ಧನ ತುದಿಯಿಂದ ಹೊರಡುತ್ತದೆ, ನೀವು ತೋರಿಸಿದ್ದರಲ್ಲಿ ನೀಲಿ ಗುಂಡುಗಳು ಋಣ ತುದಿಯಿಂದ ಬರುತ್ತಿದ್ದವು. ಯಾವುದು ಸರಿ?’

ನಾನು ಕೇಳಬೇಕಿರುವುದು ಇಷ್ಟು. ತೋರಿಸಿದರೂ ತಲೆಗೆ ಹೋಗದಿರಲು ಕಾರಣವೇನು? ಫೆಟ್ ಬಿಟ್ಟು ಫಾಲ್‌ಸ್ಟಾಡ್, ಟಿಂಕರ್‌ಕ್ಯಾಡ್, ಓ-ಲ್ಯಾಬ್ಸ್ ಎಂದೆಲ್ಲ ಹೆಸರು ಕೇಳಿದ್ದೇನೆ, ಹತ್ತನೇ ತರಗತಿಗೆ ಯಾವುದು ಸರಿ? ಮತ್ತೆ, ‘ಎಲ್ಲವೂ ಕಂಪ್ಯೂಟರಿನಲ್ಲೇ ಬರುತ್ತದೆಯಲ್ಲ, ಬಲ್ಬು ತಂತಿ ಎಂದು ಯಾಕೆ ದುಡ್ಡು ಹಾಕಬೇಕು’ ಎನ್ನುವ ನಮ್ಮ ಮುಖ್ಯೋಪಾಧ್ಯಾಯರಿಗೆ ಏನು ಉತ್ತರ ಕೊಡಲಿ?

ಹಾವೇರಿ ಗಣಿತ-ವಿಜ್ಞಾನ

ಸರ್, ದೊಡ್ಡ ಪ್ರಶ್ನೆಯನ್ನು ಹಿರಿಯರಿಗೆ ಬಿಡುತ್ತೇನೆ, ತಾಂತ್ರಿಕ ವಿಷಯ ಮಾತ್ರ ಹೇಳುತ್ತೇನೆ.

ಸಿಮ್ಯುಲೇಷನ್ ಕಡತವನ್ನು ನೆಟ್ ಇರುವ ಕಡೆ ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಬ್ರೌಸರ್ ಇದ್ದರೆ ಸಾಕು, ನೆಟ್ ಇಲ್ಲದೆಯೂ ತೆರೆದುಕೊಳ್ಳುತ್ತದೆ. ನಮ್ಮ ಕಡೆ ಮಳೆ ಬಂತೆಂದರೆ ಮೊದಲು ನೆಟ್‌ವರ್ಕ್ ಹೋಗುತ್ತದೆ, ಆಮೇಲೆ ಕರೆಂಟ್. ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಪಾಠ ನಿಲ್ಲುವುದಿಲ್ಲ.

ಬಲಗಡೆಯ ಫಲಕದಲ್ಲಿ ವಿದ್ಯುತ್ ಪ್ರವಾಹವನ್ನು ಇಲೆಕ್ಟ್ರಾನುಗಳಾಗಿ ತೋರಿಸಬೇಕೋ, ಸಾಂಪ್ರದಾಯಿಕ ದಿಕ್ಕಿನ ಕೆಂಪು ಬಾಣಗಳಾಗಿ ತೋರಿಸಬೇಕೋ ಎಂಬ ಆಯ್ಕೆ ಇದೆ. ಎರಡನೆಯದನ್ನು ಒತ್ತಿದರೆ ನಿಮ್ಮ ಹುಡುಗನ ಪುಸ್ತಕದ ಬಾಣವೇ ಬರುತ್ತದೆ. ಕೆಳಗಡೆ ಇನ್ನೊಂದು ಗುಂಡಿ ಒತ್ತಿದರೆ ಬ್ಯಾಟರಿ ಬಲ್ಬುಗಳ ಚಿತ್ರ ಹೋಗಿ ಪಠ್ಯಪುಸ್ತಕದಂತಹ ಸಂಕೇತಗಳು ಮೂಡುತ್ತವೆ. ಪರೀಕ್ಷೆಯಲ್ಲಿ ಮಂಡಲ ಚಿತ್ರ ಬರೆಯಲು ತಡಕಾಡುವ ಮಕ್ಕಳಿಗೆ ಆ ಗುಂಡಿಯನ್ನು ನಾಲ್ಕಾರು ಸಲ ಅತ್ತಿತ್ತ ಒತ್ತಿ ತೋರಿಸಿ, ಬಹಳ ಉಪಯೋಗ.

ಓ-ಲ್ಯಾಬ್ಸ್ ಎಂದರೆ ಅಮೃತ ವಿಶ್ವವಿದ್ಯಾಪೀಠ ಮತ್ತು ಮುಂಬೈನ ಸಿ-ಡ್ಯಾಕ್ ಸೇರಿ ಮಾಡಿದ್ದು. ಓಮ್‌ನ ನಿಯಮ, ಸರಣಿ, ಸಮಾಂತರ ಎಲ್ಲವೂ ಪ್ರಯೋಗದ ಕ್ರಮದಲ್ಲೇ ಇವೆ, ಕೊನೆಗೆ ವೈವಾ ಪ್ರಶ್ನೆಗಳೂ ಇವೆ. ರೆಕಾರ್ಡ್ ಬರೆಸುವ ಮುಂಚೆ ಒಮ್ಮೆ ತೋರಿಸಲು ಚೆನ್ನಾಗಿದೆ. ಮಕ್ಕಳು ತಮಗೆ ಬೇಕಾದಂತೆ ಜೋಡಿಸಿ ಕೆಡಿಸಿ ಆಡಲು ಫೆಟ್ಟೇ ಮೇಲು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಕನ್ನಡ ಪುಟಗಳನ್ನೂ ಒಮ್ಮೆ ತೆರೆದು ನೋಡಿ.

ಸಾಗರದ ಭೌತಶಾಸ್ತ್ರ ಮೇಡಂ

ಶಿರಾ ಸರ್, ನಿಮ್ಮ ಆ ವಿದ್ಯಾರ್ಥಿನಿಯ ಉತ್ತರ ಓದಿ ನನಗೆ ಖುಷಿಯಾಯಿತು. ತಪ್ಪು ಹೌದು, ಆದರೆ ಯೋಚಿಸಿ ಬರೆದ ತಪ್ಪು. ಬೀದಿ ನಲ್ಲಿಯನ್ನು ನೋಡಿ ಬೆಳೆದ ಮಗು ಇನ್ನೇನು ಬರೆದೀತು? ನೀರು ಬಿಟ್ಟ ದಿನ ಲೈನಿನ ಮೊದಲ ಮನೆಯವರ ಡ್ರಮ್ಮು ತುಂಬುತ್ತದೆ, ಕೊನೆಯ ಮನೆಯವರ ಕೊಡಕ್ಕೆ ಹನಿಯುತ್ತದೆ. ಅಂಥ ಮಕ್ಕಳ ಮುಂದೆ ನಿಂತು ನಾವು ವಿದ್ಯುತ್ತನ್ನು ಕೊಳವೆಯ ನೀರಿಗೆ ಹೋಲಿಸಿ, ಇದ್ದ ನಂಬಿಕೆಯನ್ನೇ ಗಟ್ಟಿ ಮಾಡಿ ಕಳಿಸುತ್ತೇವೆ. ಕೊಡಕ್ಕೆ ಬಿದ್ದ ನೀರು ಟ್ಯಾಂಕಿಗೆ ಹಿಂದಿರುಗುವುದಿಲ್ಲ. ಬಲ್ಬು ದಾಟಿದ ವಿದ್ಯುತ್ ಪ್ರವಾಹ ಒಂದಿಷ್ಟೂ ಕಡಿಮೆಯಾಗದೆ ಬ್ಯಾಟರಿಗೆ ಹಿಂದಿರುಗುತ್ತದೆ. ಬಲ್ಬಿನಲ್ಲಿ ಬಿಟ್ಟು ಹೋಗುವುದು ಶಕ್ತಿಯನ್ನು ಮಾತ್ರ.

ಇದು ನಿಮ್ಮ ಶಾಲೆಯ ಮಕ್ಕಳ ದಡ್ಡತನವೂ ಅಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಪೀಟರ್ ಶಾಫರ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭೌತಶಾಸ್ತ್ರ ಓದಿದ ಕಾಲೇಜು ವಿದ್ಯಾರ್ಥಿಗಳೂ ಇದೇ ಹಳ್ಳಕ್ಕೆ ಬಿದ್ದಿದ್ದರು. ಅವರ ಐದು ಬಲ್ಬಿನ ಪ್ರಶ್ನೆ ಈಗ ಬಹಳ ಪ್ರಸಿದ್ಧ. ಒಂದು ಬ್ಯಾಟರಿಗೆ ಒಂದೇ ಬಲ್ಬು. ಇನ್ನೊಂದಕ್ಕೆ ಸರಣಿಯಲ್ಲಿ ಎರಡು. ಮತ್ತೊಂದಕ್ಕೆ ಸಮಾಂತರದಲ್ಲಿ ಎರಡು. ಬ್ಯಾಟರಿಗಳೆಲ್ಲ ಒಂದೇ ತರಹ, ಬಲ್ಬುಗಳೆಲ್ಲ ಒಂದೇ ತರಹ. ಪ್ರಕಾಶದ ಕ್ರಮದಲ್ಲಿ ಬರೆಯಿರಿ. ಒಂಟಿ ಬಲ್ಬೂ ಸಮಾಂತರದ ಎರಡೂ ಸಮನಾಗಿ ಉರಿಯುತ್ತವೆ, ಸರಣಿಯ ಎರಡೂ ತಮ್ಮಲ್ಲಿ ಸಮ, ಆದರೆ ಮಂಕು. ನಿಮ್ಮ ಸ್ಟಾಫ್ ರೂಮಿನಲ್ಲೇ ಕೇಳಿ ನೋಡಿ, ಮಜಾ ಇದೆ.

ಈಗ ನಿಮಗೆ ನನ್ನ ಪ್ರಶ್ನೆ. ಆ ಪೀರಿಯಡ್ಡಿನಲ್ಲಿ ಮೌಸ್ ಯಾರ ಕೈಯಲ್ಲಿತ್ತು? ನೀವು ಬರೆದದ್ದನ್ನು ನೋಡಿದರೆ ಎಳೆದವರು ನೀವು, ಜೋಡಿಸಿದವರು ನೀವು, ವಿವರಿಸಿದವರೂ ನೀವೇ. ಮಕ್ಕಳು ಸಿನಿಮಾ ನೋಡಿದರು. ಎರಡು ಬಲ್ಬು ಸಮನಾಗಿ ಉರಿದದ್ದನ್ನು ಅವರು ಗಮನಿಸಿಯೇ ಇಲ್ಲ, ಏಕೆಂದರೆ ಗಮನಿಸಬೇಕಾದ ಪ್ರಮೇಯವೇ ಅವರಿಗೆ ಬರಲಿಲ್ಲ. ಯಾರೂ ಅದರ ಮೇಲೆ ಪಣ ಕಟ್ಟಿರಲಿಲ್ಲ.

ನಾನು ಮಾಡುವುದು ಹೀಗೆ. ಮೊದಲು ಲ್ಯಾಪ್‌ಟಾಪ್ ಮುಚ್ಚಿಟ್ಟು, ಇಬ್ಬಿಬ್ಬರಿಗೆ ಟಾರ್ಚಿನ ಒಂದು ಶೆಲ್ಲು, ಒಂದು ಬಲ್ಬು, ಒಂದೇ ಒಂದು ತುಂಡು ತಂತಿ ಕೊಡುತ್ತೇನೆ. ಹೋಲ್ಡರ್ ಕೊಡುವುದಿಲ್ಲ. ಬಲ್ಬು ಹೊತ್ತಿಸಿ ಎನ್ನುತ್ತೇನೆ. ಓಮ್‌ನ ನಿಯಮದ ಲೆಕ್ಕ ಸರಾಗವಾಗಿ ಮಾಡುವ ಮಕ್ಕಳು ಬೆವರುತ್ತಾರೆ. ಬಲ್ಬಿಗೆ ಎರಡು ತುದಿ ಉಂಟು, ಒಂದು ತಳದ ಬೊಟ್ಟು, ಇನ್ನೊಂದು ಪಕ್ಕದ ಲೋಹದ ಕವಚ ಎಂಬುದು ಹೋಲ್ಡರಿನಲ್ಲಿ ಕೂತ ಬಲ್ಬನ್ನು ನೋಡಿದವರಿಗೆ ಹೇಗೆ ಗೊತ್ತಾಗಬೇಕು? ಹೊತ್ತಿಸಿದ ಮೇಲೆ ಫೆಟ್ ತೆರೆದು ಅದರ ಬಲ್ಬಿನ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿ. ಅದಕ್ಕೂ ತಳದಲ್ಲಿ ಒಂದು, ಪಕ್ಕದಲ್ಲಿ ಒಂದು ತುದಿ ಇದೆ. ತಮ್ಮ ಬೆರಳು ತಡಕಿದ ಜಾಗವನ್ನೇ ಪರದೆಯ ಮೇಲೆ ಗುರುತಿಸುತ್ತಾರೆ. ಅಲ್ಲಿಂದ ಮುಂದೆ ಅದು ಅವರಿಗೆ ಕಾರ್ಟೂನ್ ಆಗಿ ಕಾಣುವುದಿಲ್ಲ.

ಆಮೇಲೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಸಂಕೇತ ಚಿತ್ರ. ಸರಣಿಯಲ್ಲಿ ಎರಡು ಬಲ್ಬು. ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ತಮ್ಮ ಊಹೆ ಮತ್ತು ಒಂದು ಸಾಲಿನ ಕಾರಣ ಬರೆಯಬೇಕು, ಪೆನ್ನಿನಲ್ಲಿ. ಪೆನ್ಸಿಲ್ಲಿನಲ್ಲಿ ಬರೆದರೆ ಉತ್ತರ ಕಂಡ ಕೂಡಲೇ ಜಾಣತನದಿಂದ ಅಳಿಸುತ್ತಾರೆ. ಕೈ ಎತ್ತಿಸಿ ಎಷ್ಟು ಜನ ಯಾವ ಕಡೆ ಎಂದು ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ. ಸಿಮ್ಯುಲೇಷನ್ನಿನಲ್ಲಿ ಇಲೆಕ್ಟ್ರಾನುಗಳನ್ನು ಮರೆಮಾಡಿ, ಮೌಲ್ಯಗಳನ್ನೂ ಮರೆಮಾಡಿ, ಮಂಡಲ ಜೋಡಿಸಲು ಒಬ್ಬ ಹುಡುಗಿಯನ್ನು ಕರೆಯುತ್ತೇನೆ. ಸ್ವಿಚ್ ಒತ್ತುವ ಮುಂಚಿನ ಗದ್ದಲವನ್ನು ನೀವು ಕೇಳಬೇಕು. ಪಕ್ಕದ ತರಗತಿಯ ಸಮಾಜ ವಿಜ್ಞಾನದ ಮೇಷ್ಟ್ರು ಬಂದು ಇಣುಕಿ ಹೋಗುತ್ತಾರೆ.

ಸಮನಾಗಿ ಉರಿದದ್ದನ್ನು ಕಂಡ ಮೇಲೂ ಒಬ್ಬನಾದರೂ ‘ಸ್ವಲ್ಪ ವ್ಯತ್ಯಾಸ ಇದೆ ಮಿಸ್, ಕಣ್ಣಿಗೆ ಕಾಣುತ್ತಿಲ್ಲ’ ಎನ್ನುತ್ತಾನೆ. ಒಳ್ಳೆಯ ಮಾತು. ಹಾಗಾದರೆ ಅಳೆಯೋಣ, ಅಮ್ಮೀಟರ್ ಎಲ್ಲಿಡೋಣ ಎಂದು ಅವನನ್ನೇ ಕೇಳಿ. ಮೊದಲ ಬಲ್ಬಿನ ಮುಂಚೆ ಒಂದು, ಎರಡರ ನಡುವೆ ಒಂದು, ಎರಡನೆಯದರ ನಂತರ ಒಂದು. ಫೆಟ್‌ನಲ್ಲಿ ತಾನಾಗಿ ಬರುವ ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ (ಪ್ರವಾಹಕ್ಕೆ ಒಡ್ಡುವ ತಡೆ) 10 ಓಮ್. ಮೂರೂ ಅಮ್ಮೀಟರಿನಲ್ಲಿ 0.45 ಆಂಪಿಯರ್. ನಿಜವಾದ ಮೂರು ಅಮ್ಮೀಟರುಗಳನ್ನು ಹೀಗೆ ಒಟ್ಟಿಗೆ ಇಡುವ ಭಾಗ್ಯ ನಮ್ಮಲ್ಲಿ ಎಷ್ಟು ಶಾಲೆಗಳಿಗಿದೆ? ಇದ್ದರೂ ಮೂರು ಮೂರು ತರಹ ತೋರಿಸಿ ಮಕ್ಕಳ ತಪ್ಪು ನಂಬಿಕೆಗೆ ಸಾಕ್ಷಿ ಹೇಳುತ್ತವೆ. ಸಿಮ್ಯುಲೇಷನ್ ತನ್ನ ಸಂಬಳ ದುಡಿಯುವುದು ಇಂಥ ಕಡೆ.

ನಿಮ್ಮ ಬಾಣದ ಹುಡುಗನನ್ನು ಈ ಹೊತ್ತಿಗೆ ಎಬ್ಬಿಸಿ ನಿಲ್ಲಿಸಿ. ಪುಸ್ತಕದ ಬಾಣದ ಪ್ರಕಾರ ಎಡಗಡೆಯ ಬಲ್ಬು ಮೊದಲನೆಯದು. ಇಲೆಕ್ಟ್ರಾನಿನ ಪ್ರಕಾರ ಬಲಗಡೆಯದು ಮೊದಲನೆಯದು. ಮೊದಲ ಬಲ್ಬೇ ಹೆಚ್ಚು ತಿನ್ನುವುದಾದರೆ ಎರಡರಲ್ಲಿ ತಿನ್ನಬೇಕಾದದ್ದು ಯಾವುದು? ಬ್ಯಾಟರಿಯನ್ನು ತಿರುಗಿಸಿ ಇಟ್ಟರೆ ಏನಾಗಬೇಕು? ಆ ಹುಡುಗ ತಕರಾರು ತೆಗೆದದ್ದು ನಿಮ್ಮ ಅದೃಷ್ಟ ಸರ್, ಪಾಠದ ಕೀಲಿಕೈ ಅವನ ಹತ್ತಿರವೇ ಇದೆ. ದಿಕ್ಕು ಬದಲಾದರೂ ಯಾವ ಬಲ್ಬಿನ ಪ್ರಕಾಶವೂ ಬದಲಾಗುವುದಿಲ್ಲ, ಅಮ್ಮೀಟರಿನ ಅಂಕಿಯೂ ಅದೇ. ಬಾಣ ಎತ್ತ ಬರೆದರೂ ಲೆಕ್ಕ ಒಂದೇ ಬರುತ್ತದೆ ಎಂಬುದು ಅವನಿಗೆ ಕಂಡಾಯಿತು, ಉಳಿದವರಿಗೆ ‘ಮೊದಲನೆಯದು’ ಎಂಬುದೇ ಅರ್ಥವಿಲ್ಲದ ಮಾತಾಯಿತು.

ಇಲೆಕ್ಟ್ರಾನುಗಳನ್ನು ಮತ್ತೆ ತೋರಿಸುವ ಮುಂಚೆ ಇನ್ನೊಂದು ಕೇಳಿ: ಇಲೆಕ್ಟ್ರಾನುಗಳು ಎಲ್ಲಿಂದ ಬರುತ್ತವೆ? ಬ್ಯಾಟರಿಯಿಂದ ಎಂದು ಒಕ್ಕೊರಲಿನ ಉತ್ತರ ಬರುತ್ತದೆ. ಆಗ ಬ್ಯಾಟರಿಯನ್ನು ಮುಟ್ಟದೆ ಬರೀ ಒಂದು ತುಂಡು ತಂತಿಯನ್ನು ಎಳೆದು ಖಾಲಿ ಜಾಗದಲ್ಲಿಡಿ. ಅದರೊಳಗೆ ನೀಲಿ ಗುಂಡುಗಳು ಆಗಲೇ ಸಾಲಾಗಿ ಕೂತಿವೆ. ಬ್ಯಾಟರಿ ಇಲೆಕ್ಟ್ರಾನುಗಳನ್ನು ತಯಾರಿಸುವುದಿಲ್ಲ, ಇರುವವನ್ನು ನಡೆಸುತ್ತದೆ. ಸ್ವಿಚ್ ಒತ್ತಿದ ತಕ್ಷಣ ದೂರದ ಬಲ್ಬು ಹೊತ್ತುವುದೇಕೆ ಎಂಬುದಕ್ಕೂ ಉತ್ತರ ಅಲ್ಲೇ ಇದೆ: ತಂತಿಯುದ್ದಕ್ಕೂ ಇರುವ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಹೊರಡುತ್ತವೆ. ಆದರೆ ಪರದೆಯ ವೇಗವನ್ನು ನಿಜವೆಂದು ನಂಬಲು ಬಿಡಬೇಡಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಇಲೆಕ್ಟ್ರಾನುಗಳ ಸರಾಸರಿ ನಡಿಗೆ ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲೂ ಇಲ್ಲ.

ಇದಾದ ಮೇಲೆ ಸಮಾಂತರ. ಇಲ್ಲಿ ಬೇರೊಂದು ತಪ್ಪು ಕಾದು ಕೂತಿರುತ್ತದೆ. ಬ್ಯಾಟರಿ ಯಾವಾಗಲೂ ಅಷ್ಟೇ ಕರೆಂಟ್ ಕೊಡುತ್ತದೆ, ಬಲ್ಬು ಹೆಚ್ಚಾದರೆ ಹಂಚಿಕೊಳ್ಳಬೇಕು ಎಂದುಕೊಂಡಿರುತ್ತಾರೆ. ಅಮ್ಮೀಟರನ್ನು ಬ್ಯಾಟರಿಯ ಪಕ್ಕಕ್ಕೇ ಇಟ್ಟು ಊಹೆ ಬರೆಸಿ. ಒಂದು ಬಲ್ಬಿಗೆ 0.9, ಸಮಾಂತರದಲ್ಲಿ ಎರಡಾದರೆ 1.8. ಬಲ್ಬು ಸೇರಿಸಿದರೆ ಒಟ್ಟು ರೋಧ ಕಡಿಮೆಯಾಗುತ್ತದೆ ಎಂಬ ವಾಕ್ಯವನ್ನು ಅಂಕಿ ಕಂಡ ಮೇಲೆ ಮಕ್ಕಳೇ ಹೇಳುತ್ತಾರೆ, ನಾವು ಬಾಯಿಪಾಠ ಮಾಡಿಸಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ತೆರೆದ ಸ್ವಿಚ್ಚಿನ ಪ್ರಶ್ನೆ. ಬಲ್ಬು ಆರಿದೆ, ವಿದ್ಯುತ್ ಪ್ರವಾಹ ಸೊನ್ನೆ. ಈಗ ವೋಲ್ಟ್‌ಮೀಟರಿನ ಎರಡು ಕಡ್ಡಿಗಳನ್ನು ಸ್ವಿಚ್ಚಿನ ಎರಡು ಬದಿಗೆ ಇಟ್ಟರೆ ಎಷ್ಟು ತೋರಿಸುತ್ತದೆ? ಸೊನ್ನೆ ಎಂದು ಎಲ್ಲರೂ ಬರೆಯುತ್ತಾರೆ, ವಿ = ಐ × ಆರ್ ಸೂತ್ರದಲ್ಲಿ ಐ ಸೊನ್ನೆಯಲ್ಲವೇ! ಪರದೆಯಲ್ಲಿ 9 ವೋಲ್ಟ್ ಬರುತ್ತದೆ. ಬಲ್ಬಿನ ಎರಡು ಬದಿಗಿಟ್ಟರೆ ಸೊನ್ನೆ. ವಿಭವಾಂತರ (ವೋಲ್ಟೇಜ್) ಇರಬೇಕಾದರೆ ವಿದ್ಯುತ್ ಹರಿಯುತ್ತಿರಬೇಕಿಲ್ಲ ಎಂಬುದು ಆಗ ತಲೆಗೆ ಹೋಗುತ್ತದೆ. ಮನೆಯಲ್ಲಿ ತುಂಡಾಗಿ ಬಿದ್ದ ತಂತಿಯನ್ನು ಯಾಕೆ ಮುಟ್ಟಬಾರದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡಿ.

ಅಂದ ಹಾಗೆ ಆ ನಾಯಿ ಮತ್ತು ಕೈಯ ಚಿತ್ರಗಳು. ನಕ್ಕು ಮುಂದೆ ಹೋಗಬೇಡಿ. ಬಟ್ಟೆ ಒಣಗಿಸುವ ಕಬ್ಬಿಣದ ತಂತಿಗೆ ವಿದ್ಯುತ್ ಹರಿದು ಜೀವ ಹೋದ ಸುದ್ದಿ ಪ್ರತಿ ಮಳೆಗಾಲ ಪತ್ರಿಕೆಯಲ್ಲಿರುತ್ತದೆ. ಪರದೆಯ ಮೇಲಿನ ಕೈಗೆ ನೋವಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲೇಬೇಕು.

ಇನ್ನು ನಿಮ್ಮ ಮುಖ್ಯೋಪಾಧ್ಯಾಯರು. 2005ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದವರ ಒಂದು ಅಧ್ಯಯನ ಪ್ರಕಟವಾಯಿತು. ಕೆಲವು ವಿದ್ಯಾರ್ಥಿಗಳಿಗೆ ನಿಜವಾದ ಬಲ್ಬು ತಂತಿ, ಇನ್ನು ಕೆಲವರಿಗೆ ಇದೇ ಸರ್ಕ್ಯೂಟ್ ಕಿಟ್ಟಿನ ಹಳೆಯ ರೂಪ ಕೊಟ್ಟಿದ್ದರು. ಸಿಮ್ಯುಲೇಷನ್ ಬಳಸಿದವರು ಪರಿಕಲ್ಪನೆಯ ಪ್ರಶ್ನೆಗಳಲ್ಲೂ, ಆಮೇಲೆ ನಿಜವಾದ ಮಂಡಲ ಕಟ್ಟಿ ಅದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುವುದರಲ್ಲೂ ಮುಂದಿದ್ದರು. ಈ ಅರ್ಧ ನಿಮ್ಮ ಸಾಹೇಬರಿಗೆ ಇಷ್ಟವಾಗುತ್ತದೆ. ಉಳಿದರ್ಧವನ್ನೂ ಓದಿ ಹೇಳಿ: ಅವರು ಕಾಲೇಜಿನವರು, ಪ್ರಯೋಗಾಲಯದಲ್ಲಿ ಕೂತು ಸ್ವತಃ ತಮ್ಮ ಕೈಯಿಂದ ಜೋಡಿಸಿದವರು, ಗೋಡೆಯ ಮೇಲೆ ಮೇಷ್ಟ್ರು ಓಡಿಸಿದ್ದನ್ನು ನೋಡಿದವರಲ್ಲ. ಮತ್ತೆ, ಕೊನೆಗೆ ಅವರ ಕೈಗೂ ನಿಜವಾದ ತಂತಿ ಬಂದಿತ್ತು.

ದಾವಣಗೆರೆ ವೈರಿಂಗ್ ಕೆಲಸ

ನಾನು ಮೇಷ್ಟ್ರಲ್ಲ, ಐಟಿಐ ಮಾಡಿ ಮನೆ ವೈರಿಂಗ್ ಮಾಡುವವನು. ನನ್ನ ಮಗಳು ಹತ್ತನೇ ತರಗತಿ, ಅವಳು ಮೊಬೈಲಿನಲ್ಲಿ ಇದನ್ನು ತೋರಿಸಿದಳು. ಮೇಡಂ ಹೇಳಿದ್ದೆಲ್ಲ ಸರಿ. ಎರಡು ಮಾತು ಸೇರಿಸುತ್ತೇನೆ.

ಸರಣಿ ಜೋಡಣೆ ಪರೀಕ್ಷೆಗೆ ಮಾತ್ರ ಎಂದು ಮಕ್ಕಳು ತಿಳಿದಿದ್ದಾರೆ. ನಮ್ಮ ಅಂಗಡಿಯಲ್ಲಿ ರಿಪೇರಿಗೆ ಬಂದ ಯಾವುದನ್ನೂ ನೇರವಾಗಿ ಪ್ಲಗ್ಗಿಗೆ ಹಾಕುವುದಿಲ್ಲ. ಒಂದು ಸೀರೀಸ್ ಬೋರ್ಡ್ ಇಟ್ಟಿರುತ್ತೇವೆ: 100 ವಾಟಿನ ಹಳೆಯ ತರಹದ ಬಲ್ಬು, ಅದರ ಜೊತೆ ಸರಣಿಯಲ್ಲಿ ಒಂದು ಸಾಕೆಟ್. ಸಾಕೆಟ್ಟಿಗೆ ಸಾಮಾನು ಸಿಕ್ಕಿಸಿದರೆ ಬಲ್ಬೇ ಎಲ್ಲ ಹೇಳುತ್ತದೆ. ಹತ್ತಲೇ ಇಲ್ಲವೆಂದರೆ ಒಳಗೆ ಎಲ್ಲೋ ತುಂಡಾಗಿದೆ. ಮಂಕಾಗಿ ಉರಿದರೆ ಸಾಮಾನು ತನ್ನ ಪಾಲಿನ ರೋಧ ತೋರಿಸುತ್ತಿದೆ. ಪೂರ್ತಿ ಉರಿದರೆ ಒಳಗೆ ಶಾರ್ಟ್ ಇರಬಹುದು. ಆಗಲೂ ಫ್ಯೂಸ್ ಹಾರುವುದಿಲ್ಲ, ಏಕೆಂದರೆ ಬಲ್ಬು ತಡೆದು ನಿಂತಿದೆ. ಆದರೆ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಚೆನ್ನಾಗಿರುವ ಪೆಟ್ಟಿಗೆಯೂ ಬಲ್ಬನ್ನು ಹೆಚ್ಚುಕಡಿಮೆ ಪೂರ್ತಿ ಉರಿಸುತ್ತದೆ. ಹೊಸ ಹುಡುಗರು ಅಲ್ಲಿ ಮೋಸ ಹೋಗುತ್ತಾರೆ. ಇದನ್ನು ಫೆಟ್‌ನಲ್ಲಿ ಮಾಡಿಸಿ, ಶಾಲೆಯ ಪ್ಲಗ್ಗಿನಲ್ಲಿ ಬೇಡ.

ಎರಡನೆಯದು, ಆ ಕಂಪ್ಯೂಟರಿನಲ್ಲಿ ತಂತಿಯ ತುದಿ ಹತ್ತಿರ ತಂದರೆ ಸಾಕು, ಅಂಟಿಕೊಳ್ಳುತ್ತದೆ. ನಮ್ಮ ಕೆಲಸದಲ್ಲಿ ಬಹುಪಾಲು ತೊಂದರೆ ಇರುವುದೇ ಜಾಯಿಂಟಿನಲ್ಲಿ. ಸ್ಕ್ರೂ ಸಡಿಲವಾಗಿರುತ್ತದೆ, ತಂತಿಯ ಸಿಪ್ಪೆ ಸರಿಯಾಗಿ ತೆಗೆದಿರುವುದಿಲ್ಲ, ಕಿಲುಬು ಹಿಡಿದಿರುತ್ತದೆ. ಲೂಸ್ ಜಾಯಿಂಟ್ ಬಿಸಿಯಾಗಿ ಹೋಲ್ಡರ್ ಕರಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಕೈಯಲ್ಲಿ ತಂತಿ ಸುಲಿದು ತಿರುಚದೆ ಇದು ಬರುವುದಿಲ್ಲ.

ಪಾಲಿಟೆಕ್ನಿಕ್ ಉಪನ್ಯಾಸಕ, ಕಲಬುರಗಿ

ದಾವಣಗೆರೆಯವರ ಸೀರೀಸ್ ಬೋರ್ಡಿಗೆ ಅಂಕಿ ಹಾಕಿಕೊಡುತ್ತೇನೆ, ಶಿರಾ ಸರ್ ತರಗತಿಗೆ ಒಯ್ಯಬಹುದು. 230 ವೋಲ್ಟಿಗೆ 100 ವಾಟಿನ ಬಲ್ಬಿನ ರೋಧ 529 ಓಮ್. 1000 ವಾಟಿನ ಇಸ್ತ್ರಿ ಪೆಟ್ಟಿಗೆಯದು ಅದರ ಹತ್ತನೇ ಒಂದು, ಸುಮಾರು 53. ಸರಣಿಯಲ್ಲಿ ಇಟ್ಟರೆ 230ರಲ್ಲಿ ಸುಮಾರು 209 ವೋಲ್ಟನ್ನು ಬಲ್ಬೇ ತೆಗೆದುಕೊಳ್ಳುತ್ತದೆ. ಅದಕ್ಕೇ ಅದು ಪೂರ್ತಿ ಉರಿದಂತೆ ಕಾಣುವುದು. ಫೆಟ್‌ನಲ್ಲಿ ಎಲ್ಲವನ್ನೂ ಹತ್ತನೇ ಒಂದು ಪಾಲಿಗೆ ಇಳಿಸಿ, ಬಲ್ಬಿಗೆ 53, ರೋಧಕಕ್ಕೆ 5 ಇಟ್ಟು ಬ್ಯಾಟರಿಯ ವೋಲ್ಟೇಜ್ ಏರಿಸಿಕೊಳ್ಳಿ. ಪೆಟ್ಟಿಗೆಯ ಬದಲು 40 ವಾಟಿನ ಬಲ್ಬು ಸಿಕ್ಕಿಸಿದರೆ? ಅದರ ರೋಧ 1322. ಈಗ 40ರದ್ದು ಸುಮಾರು 20 ವಾಟಿನಲ್ಲಿ, 100ರದ್ದು ಬರೀ 8 ವಾಟಿನಲ್ಲಿ ಉರಿಯಬೇಕು. ದೊಡ್ಡದು ಮಂಕು, ಚಿಕ್ಕದು ಪ್ರಕಾಶ. ಇದು ಮಕ್ಕಳು ಪಣ ಕಟ್ಟಿ ಸೋಲುವ ಪ್ರಶ್ನೆ.

ಈ ಲೆಕ್ಕದಲ್ಲೇ ಒಂದು ಸುಳ್ಳಿದೆ, ಸಾಗರದ ಮೇಡಂ ಅದನ್ನು ಹೇಳದೆ ಬಿಟ್ಟರು. ಬಲ್ಬಿನ ರೋಧ ಸ್ಥಿರವೆಂದು ನಾನು ಹಿಡಿದೆ, ಫೆಟ್‌ನ ಸಾಮಾನ್ಯ ಬಲ್ಬೂ ಹಾಗೆಯೇ ಹಿಡಿಯುತ್ತದೆ. ನಿಜವಾದ ಟಂಗ್‌ಸ್ಟನ್ ತಂತು ಹಾಗಲ್ಲ, ಬಿಸಿಯಾದಂತೆ ಅದರ ರೋಧ ಏರುತ್ತದೆ. 2.5 ವೋಲ್ಟ್, 0.3 ಆಂಪಿಯರ್ ಎಂದು ಬರೆದಿರುವ ಟಾರ್ಚ್ ಬಲ್ಬು ಉರಿಯುವಾಗ ಸುಮಾರು 8 ಓಮ್. ಆರಿದಾಗ ಮಲ್ಟಿಮೀಟರ್ ಇಟ್ಟು ನೋಡಿದರೆ ಒಂದು ಓಮಿನ ಆಸುಪಾಸು. ಆದ್ದರಿಂದ ಟಾರ್ಚ್ ಬಲ್ಬು ಇಟ್ಟು ಓಮ್‌ನ ನಿಯಮದ ನಕ್ಷೆ ಎಳೆದರೆ ಸರಳರೇಖೆ ಬರುವುದಿಲ್ಲ, ಬಾಗುತ್ತದೆ. ಅದಕ್ಕೆ ನೈಕ್ರೋಮ್ ತಂತಿಯನ್ನೇ ಬಳಸಬೇಕು.

ಇನ್ನೊಂದು ಸುಳ್ಳು ಬ್ಯಾಟರಿಯದು. ಸಮಾಂತರದಲ್ಲಿ ಬಲ್ಬು ಸೇರಿಸಿದರೆ ಪ್ರಕಾಶ ಬದಲಾಗದು ಎಂದು ಪರದೆ ಹೇಳುತ್ತದೆ. ಹಳೆಯ ಶೆಲ್ಲಿನ ಮೇಲೆ ಮಾಡಿ ನೋಡಿ, ಮೂರನೇ ಬಲ್ಬು ಸೇರುತ್ತಲೇ ಎಲ್ಲವೂ ಮಂಕಾಗುತ್ತವೆ. ಮಕ್ಕಳು ‘ಕಂಪ್ಯೂಟರ್ ಸುಳ್ಳು’ ಎನ್ನುತ್ತಾರೆ. ಆಗ ಫೆಟ್‌ನ ‘ಲ್ಯಾಬ್’ ಪರದೆಯ ಹೆಚ್ಚುವರಿ ಆಯ್ಕೆಗಳಲ್ಲಿ ಬ್ಯಾಟರಿಯ ಆಂತರಿಕ ರೋಧದ ಜಾರುಗುಂಡಿಯನ್ನು ಸ್ವಲ್ಪ ಸರಿಸಿ. ಪರದೆಯ ಬಲ್ಬುಗಳೂ ಮಂಕಾಗುತ್ತವೆ. ಕಂಪ್ಯೂಟರ್ ಹೇಳಿದ್ದು ಸುಳ್ಳಲ್ಲ, ನಾವು ಅದಕ್ಕೆ ಸೊನ್ನೆ ರೋಧದ ಬ್ಯಾಟರಿ ಕೊಟ್ಟಿದ್ದೆವು, ಅಷ್ಟೇ. ಹತ್ತನೇ ತರಗತಿಗೆ ಇದು ಪಠ್ಯದ ಆಚೆಯದು, ಆದರೆ ಕೇಳಿದ ಮಗುವಿಗೆ ಬಾಗಿಲು ಮುಚ್ಚಬೇಡಿ.

ಉಳಿದ ಉಪಕರಣಗಳ ಬಗ್ಗೆ ಚುಟುಕಾಗಿ. ಫಾಲ್‌ಸ್ಟಾಡ್ ಹೆಚ್ಚಿನ ವೋಲ್ಟೇಜನ್ನು ಹಸಿರು, ಋಣವನ್ನು ಕೆಂಪು, ಸೊನ್ನೆಯನ್ನು ಬೂದು ಬಣ್ಣದಲ್ಲಿ ತೋರಿಸುತ್ತದೆ, ಪ್ರವಾಹವನ್ನು ಹಳದಿ ಚುಕ್ಕೆಗಳಲ್ಲಿ. ವಿಭವ ಎಂಬುದನ್ನು ಕಣ್ಣಿಗೆ ಕಾಣಿಸಲು ಅದರಷ್ಟು ಒಳ್ಳೆಯದು ನನಗೆ ಸಿಕ್ಕಿಲ್ಲ, ಆದರೆ ಮೊದಲ ನೋಟಕ್ಕೆ ಮಕ್ಕಳು ಹೆದರುತ್ತಾರೆ. ಪಿಯುಸಿಗೆ ಸರಿ. ಟಿಂಕರ್‌ಕ್ಯಾಡ್ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗ ಸಿಕ್ಕಿಸುವ ಹಲಗೆ) ಮತ್ತು ಆರ್ಡುಯಿನೊ (ಪ್ರೋಗ್ರಾಂ ಬರೆದು ನಡೆಸುವ ಚಿಕ್ಕ ಬೋರ್ಡ್) ಕಲಿಸಲು. ರೋಧಕ ಹಾಕದೆ ಎಲ್‌ಇಡಿ ಜೋಡಿಸಿದರೆ ಅದು ಸಿಡಿದ ಗುರುತು ತೋರಿಸುತ್ತದೆ. ಲಾಗಿನ್ ಬೇಕು, ನೆಟ್ ಬೇಕು. ಮುಂದೆ ಡಿಪ್ಲೊಮಾಕ್ಕೆ ಬಂದರೆ ಐಐಟಿ ಬಾಂಬೆಯ ಫೋಸಿ ಯೋಜನೆಯ ಇ-ಸಿಮ್ ಎಂಬ ಮಂಡಲ ವಿನ್ಯಾಸದ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಶಿರಾ ವಿಜ್ಞಾನ ಶಿಕ್ಷಕ

ಎಲ್ಲರಿಗೂ ತುಂಬಾ ಧನ್ಯವಾದಗಳು. ಮೇಡಂ, ಮೌಸನ್ನು ಮಕ್ಕಳ ಕೈಗೆ ಕೊಟ್ಟೆ. ಬ್ಯಾಟರಿ ತಿರುಗಿಸಿದಾಗ ಏನೂ ಬದಲಾಗದ್ದನ್ನು ಕಂಡು ಆ ದುಂಡಗಿನ ಅಕ್ಷರದ ಹುಡುಗಿ ಒಪ್ಪಲಿಲ್ಲ. ಎರಡು ಬಲ್ಬುಗಳ ನಡುವಿನ ತಂತಿಯನ್ನು ಉದ್ದ ಮಾಡಿ ನೋಡಿದಳು, ಬಲ್ಬುಗಳ ಜಾಗ ಅದಲುಬದಲು ಮಾಡಿದಳು, ಒಂದು ಬಲ್ಬಿನ ರೋಧವನ್ನು ಹೆಚ್ಚಿಸಿದಳು. ಆಗ ಒಂದು ಹೆಚ್ಚು ಉರಿಯಿತು, ಆದರೆ ಮೂರೂ ಅಮ್ಮೀಟರ್ ಆಗಲೂ ಒಂದೇ ಅಂಕಿ. ‘ಹಾಗಾದರೆ ಕರೆಂಟ್ ಸಮ, ವೋಲ್ಟು ಬೇರೆ’ ಎಂದು ತಾನೇ ಹೇಳಿ ಹೋಗಿ ಕೂತಳು. ಸೀರೀಸ್ ಬೋರ್ಡಿನ ಲೆಕ್ಕವನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇನೆ.

ಮುಖ್ಯೋಪಾಧ್ಯಾಯರು ಬಲ್ಬಿಗೆ ಒಪ್ಪಿದ್ದಾರೆ. ಆದರೆ ಪೇಟೆಯಲ್ಲಿ ಹುಡುಕಿದರೆ ಟಾರ್ಚ್ ಬಲ್ಬು ಎಂದು ಎಲ್ಲ ಕಡೆ ಎಲ್‌ಇಡಿಯನ್ನೇ ಕೊಡುತ್ತಿದ್ದಾರೆ. ಅದರಲ್ಲೇ ಮಾಡಬಹುದೇ?

ಸಾಗರದ ಭೌತಶಾಸ್ತ್ರ ಮೇಡಂ

ಬೇಡ ಸರ್. ಬಿಳಿ ಎಲ್‌ಇಡಿ ಹೊತ್ತಲು ಸುಮಾರು 3 ವೋಲ್ಟ್ ಬೇಕು, ಒಂದು ಶೆಲ್ಲಿಗೆ ಮಿಣುಕುವುದೂ ಇಲ್ಲ. ಉಲ್ಟಾ ಹಿಡಿದರೆ ಉರಿಯುವುದಿಲ್ಲ. ಎರಡನ್ನು ಸರಣಿಯಲ್ಲಿಟ್ಟರೆ ಎರಡೂ ಸತ್ತಂತಿರುತ್ತವೆ. ಬ್ಯಾಟರಿ ತಿರುಗಿಸುವ ಪಾಠವೇ ಕೆಟ್ಟುಹೋಗುತ್ತದೆ.

ಹಳೆಯ ಸೈಕಲ್ ಶಾಪಿನಲ್ಲಿ ಡೈನಮೊ ಬಲ್ಬು ಕೇಳಿ ನೋಡಿ. ಸಿಗದಿದ್ದರೆ ಶಾಮಿಯಾನದವರ ಹತ್ತಿರ ಹೋಗಿ, ಗಣೇಶನ ಹಬ್ಬಕ್ಕೆ ಕಟ್ಟುತ್ತಿದ್ದ ಹಳೆಯ ಸೀರಿಯಲ್ ಸೆಟ್ಟುಗಳು ಮೂಟೆಯಲ್ಲಿ ಬಿದ್ದಿರುತ್ತವೆ, ಎಲ್‌ಇಡಿಯದಲ್ಲ, ತಂತು ಇರುವಂಥವು. ಕತ್ತರಿಸುವ ಮುಂಚೆ ಸರದಲ್ಲಿ ಎಷ್ಟು ಬಲ್ಬು ಎಂದು ಮಕ್ಕಳಿಂದ ಎಣಿಕೆ ಮಾಡಿಸಿ. ನಲವತ್ತಿದ್ದರೆ 230ನ್ನು 40ರಿಂದ ಭಾಗಿಸಲಿ, ಒಂದಕ್ಕೆ ಐದೂಮುಕ್ಕಾಲು ವೋಲ್ಟ್; ಅಂದರೆ ನಾಲ್ಕು ಶೆಲ್ಲು ಬೇಕು. ಕತ್ತರಿಸಿ ಉಳಿದ ತುಂಡನ್ನು ಮಾತ್ರ ಯಾರ ಕೈಗೂ ಸಿಗದಂತೆ ಬೀರುವಿನಲ್ಲಿಟ್ಟು ಬೀಗ ಹಾಕಿ. ಹತ್ತು ಬಲ್ಬಿನ ತುಂಡನ್ನು ಮನೆಯ ಪ್ಲಗ್ಗಿಗೆ ಹಾಕಿ ನೋಡುವ ಒಬ್ಬ ಪುಣ್ಯಾತ್ಮ ಪ್ರತಿ ತರಗತಿಯಲ್ಲೂ ಇರುತ್ತಾನೆ.